ರೂಟೆಡ್ ಪೋರ್ಟೋ ಸ್ವಿಚ್ ಪೋರ್ಟೋ? ಕೊಡಗಿನ ತೋಟದ ಮನೆಗೆ ರೂಟರ್ ಕೊಳ್ಳುವ ಮುಂಚೆ

ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಅಂಗಡಿಗೆ ಹೋಗಿ "ಒಂದು ಒಳ್ಳೆ ರೂಟರ್ ಕೊಡಿ" ಅಂದರೆ ಮೊದಲು ಬರುವ ಪ್ರಶ್ನೆ "ಎಷ್ಟು ಪೋರ್ಟ್ ಬೇಕು?" ನಾಲ್ಕಿದ್ದರೆ ಒಂದು ಬೆಲೆ, ಎಂಟಿದ್ದರೆ ಇನ್ನೊಂದು. ಆ ಪೋರ್ಟುಗಳು ಎಂಥವು ಅಂತ ಅಂಗಡಿಯವರೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ನೋಡೋಕೆ ಎಲ್ಲ ಒಂದೇ ಥರ ಇರುತ್ತವೆ. ಅದೇ ಚೌಕದ ತೂತು, ಅದೇ ನೀಲಿ ಕೇಬಲ್, ಅದೇ ಮಿನುಗುವ ದೀಪ. ಆದರೆ ಕೆಲವು ರೂಟೆಡ್ ಪೋರ್ಟ್, ಕೆಲವು ಸ್ವಿಚ್ ಪೋರ್ಟ್. ಇವೆರಡು ಮಾಡುವ ಕೆಲಸ ಪೂರ್ತಿ ಬೇರೆ. ತಪ್ಪು ಬಗೆಯದನ್ನು ತಂದುಬಿಟ್ಟರೆ ಎಂಟು ಪೋರ್ಟ್ ಇದ್ದೂ ಉಪಯೋಗಕ್ಕೆ ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಇಲ್ಲಿನ ಬಹಳಷ್ಟು ತೋಟದ ಮನೆಗಳಿಗೆ ಈ ತಲೆನೋವೇ ಇರಲಿಲ್ಲ. ಒಂದು ಫೋನ್ ಲೈನ್, ಒಂದು ಮೋಡೆಮ್, ಮನೆಯವರ ಎರಡು ಮೊಬೈಲ್. ಈಗ ಅದೇ ಮನೆಯ ಹಿಂದಿನ ಮೂರು ಕೋಣೆ ಹೋಂಸ್ಟೇ ಆಗಿದೆ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವವರು ಕಾರಿನಿಂದ ಇಳಿಯುವ ಮುಂಚೆ ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ರೈಟರ್ ಆಫೀಸಿನಲ್ಲಿ ಕೂಲಿ ಲೆಕ್ಕದ ಕಂಪ್ಯೂಟರ್ ಇದೆ, ಪ್ರಿಂಟರ್ ಇದೆ. 2024-25ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿದ ಮೇಲೆ ಕಣಕ್ಕೂ ಗೋಡೌನಿಗೂ ಕ್ಯಾಮರಾ ಹಾಕಿಸಿದವರು ತುಂಬ ಜನ. ಡಿಸೆಂಬರಿನಿಂದ ಕಣದಲ್ಲಿ ಹರಡಿಟ್ಟ ಕಾಫಿ ಅಂದರೆ ಬಯಲಿನಲ್ಲಿ ಬಿದ್ದಿರುವ ದುಡ್ಡೇ ಅಲ್ವಾ. ಇನ್ನು ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಇರಲಿ ಅಂತ ಎರಡನೇ ಲೈನು, ಇಲ್ಲವೇ ಒಂದು ಸಿಮ್ ರೂಟರ್. ಇಷ್ಟೂ ಬಂದು ಸೇರುವುದು ಹಾಲಿನ ಮೂಲೆಯ ಒಂದೇ ಡಬ್ಬಿಗೆ.

ಸ್ವಿಚ್ ಪೋರ್ಟುಗಳು ಒಂದೇ ತೋಟದೊಳಗಿನ ದಾರಿ ಇದ್ದ ಹಾಗೆ. ಕಣದಿಂದ ಗೋಡೌನಿಗೆ, ಗೋಡೌನಿನಿಂದ ಕೆಲಸಗಾರರ ಲೈನ್ ಮನೆಗೆ ಯಾರು ಹೋದರೂ ಯಾರೂ ಕೇಳುವುದಿಲ್ಲ. ರೂಟೆಡ್ ಪೋರ್ಟ್ ಅಂದರೆ ಬೇರೆ ತೋಟದ ಗೇಟು. ಅಲ್ಲಿಗೆ ಹೋಗಬೇಕಾದರೆ ಗೇಟಿನ ಮೂಲಕವೇ ಹೋಗಬೇಕು. ಅಲ್ಲಿ ವಾಚ್‌ಮನ್ ಇಡುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಇನ್ನು ಸ್ವಲ್ಪ ತಾಂತ್ರಿಕವಾಗಿ ನೋಡೋಣ. ರೂಟೆಡ್ ಪೋರ್ಟಿಗೆ ಸ್ವಂತ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಗುರುತಿನ ಅಂಕಿ) ಇರುತ್ತದೆ, ಸ್ವಂತ ಸಬ್‌ನೆಟ್, ಅಂದರೆ ಅಂಥ ವಿಳಾಸಗಳ ಒಂದು ಗುಂಪು, ಇರುತ್ತದೆ. ಸ್ವಿಚ್ ಪೋರ್ಟಿಗೆ ವಿಳಾಸ ಇರುವುದಿಲ್ಲ. ಅಂಥ ನಾಲ್ಕೈದು ಪೋರ್ಟು ಸೇರಿ ಒಂದೇ ಸಬ್‌ನೆಟ್ ಹಂಚಿಕೊಳ್ಳುತ್ತವೆ, ರೂಟರ್ ಅವಕ್ಕೆಲ್ಲ ಸೇರಿಸಿ ಒಂದೇ ವಿಳಾಸ ಇಟ್ಟುಕೊಳ್ಳುತ್ತದೆ. ನಿಮ್ಮ ಮನೆಯ ಮಾಮೂಲಿ ರೂಟರ್ ಹಾಗೇ ಇದೆ. ಬೇರೆ ಬಣ್ಣದ ಒಂದು ಪೋರ್ಟಿಗೆ ವ್ಯಾನ್ (ಹೊರಗಿನ ಲೈನಿಗೆ) ಅಂತ ಬರೆದಿರುತ್ತದೆ, ಅದು ರೂಟೆಡ್. ಉಳಿದ ನಾಲ್ಕು ಲ್ಯಾನ್ (ಮನೆಯೊಳಗಿನ ಸಾಧನಗಳಿಗೆ), ಅವು ಸ್ವಿಚ್. ಕಚೇರಿಗಳಲ್ಲಿ ಬಹಳ ಕಾಲ ಓಡಿದ ಸಿಸ್ಕೋ 881 ಕೂಡ ಇದೇ ಅಚ್ಚು. ಅದರಲ್ಲಿ 0ಯಿಂದ 3ರವರೆಗಿನ ಪೋರ್ಟುಗಳು ಸ್ವಿಚ್, 4ನೆಯದು ರೂಟೆಡ್. ಅದೇ ಕಂಪನಿಯ 1941ರಲ್ಲಿ ಪೆಟ್ಟಿಗೆಯ ಜೊತೆಗೇ ಬರುತ್ತಿದ್ದುದು ಎರಡೇ ಗಿಗಾಬಿಟ್ ಪೋರ್ಟ್, ಎರಡೂ ರೂಟೆಡ್. ಸ್ವಿಚ್ ಬೇಕಾದರೆ ಬೇರೆ ಕಾರ್ಡು ಹಾಕಿಸಬೇಕಿತ್ತು. "ಇಷ್ಟು ದುಬಾರಿ ರೂಟರಿಗೆ ಎರಡೇ ಪೋರ್ಟಾ?" ಅಂತ ಕೇಳಿದವರಿಗೆ ಉತ್ತರ ಇದೇ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ರೈಟರ್ ಕಂಪ್ಯೂಟರಿನ ವಿಳಾಸ 192.168.20.5, ಪ್ರಿಂಟರಿನದು 192.168.20.9. ಎರಡೂ ಸ್ವಿಚ್ ಪೋರ್ಟಿನಲ್ಲಿವೆ. ಪ್ರಿಂಟ್ ಒತ್ತಿದಾಗ ಕಂಪ್ಯೂಟರ್ "20.9 ಯಾರಪ್ಪ?" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ. ಇದಕ್ಕೆ ಎಆರ್‌ಪಿ ಅನ್ನುತ್ತಾರೆ. ಪ್ರಿಂಟರ್ ತನ್ನ ಹಾರ್ಡ್‌ವೇರ್ ವಿಳಾಸ ಕೊಡುತ್ತದೆ. ಅಲ್ಲಿಂದ ಮುಂದೆ ಸ್ವಿಚ್ ಚಿಪ್ ಮಾತು ದಾಟಿಸುತ್ತದೆ. ರೂಟರಿನ ಪ್ರೊಸೆಸರಿಗೆ ಈ ವಿಷಯ ಗೊತ್ತೇ ಆಗುವುದಿಲ್ಲ, ಅಲ್ಲಿ ಬರೆದಿಟ್ಟ ಫೈರ್‌ವಾಲ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ) ನಿಯಮಕ್ಕೂ ಇದು ಸಿಗುವುದಿಲ್ಲ.

ಈಗ ಪ್ರಿಂಟರನ್ನು ಬೇರೆ ರೂಟೆಡ್ ಪೋರ್ಟಿಗೆ ಹಾಕಿ 192.168.30.9 ಕೊಟ್ಟಿದ್ದೇವೆ ಅನ್ನಿ. ಕಂಪ್ಯೂಟರ್ ತನ್ನ ಸಬ್‌ನೆಟ್ ಮಾಸ್ಕ್ ನೋಡಿ ಇದು ನಮ್ಮ ಪೈಕಿ ಅಲ್ಲ ಅಂತ ತಿಳಿದುಕೊಳ್ಳುತ್ತದೆ. ಪ್ರಿಂಟರನ್ನು ಹುಡುಕುವ ಬದಲು ನೇರ ರೂಟರಿಗೆ ಕಳಿಸುತ್ತದೆ. ರೂಟರ್ ಪ್ಯಾಕೆಟ್ ಬಿಚ್ಚಿ ವಿಳಾಸ ನೋಡುತ್ತದೆ, ನಿಯಮ ಇದ್ದರೆ ಪರೀಕ್ಷಿಸುತ್ತದೆ, ಟಿಟಿಎಲ್ ಅನ್ನೋ ಲೆಕ್ಕದಿಂದ ಒಂದು ಕಳೆಯುತ್ತದೆ, ಹೊಸ ಹಾರ್ಡ್‌ವೇರ್ ವಿಳಾಸ ಹಚ್ಚಿ ಆ ಕಡೆ ಬಿಡುತ್ತದೆ. ಪ್ರತಿ ಪ್ಯಾಕೆಟಿಗೂ ಇಷ್ಟು ಕೆಲಸ. ಪ್ರಿಂಟರಿಗೆ ಇದು ಲೆಕ್ಕಕ್ಕಿಲ್ಲ. ಹದಿನಾರು ಕ್ಯಾಮರಾ ಇದ್ದರೆ ಲೆಕ್ಕಕ್ಕೆ ಬರುತ್ತದೆ.

ಸ್ವಿಚ್ ಪೋರ್ಟಿನ ಕೂಗು ರೂಟೆಡ್ ಪೋರ್ಟ್ ದಾಟುವುದಿಲ್ಲ. ಈ ಒಂದು ಮಾತಿನಿಂದಲೇ ಲಾಭವೂ ಬರುತ್ತದೆ, ರಗಳೆಯೂ ಬರುತ್ತದೆ.

ಲಾಭ ಮೊದಲು. ಅತಿಥಿ ಕೋಣೆಯ ಪುಟ್ಟ ಸ್ವಿಚ್ಚಿನಿಂದ (ಬರೀ ಸ್ವಿಚ್ ಪೋರ್ಟುಗಳೇ ಇರುವ ಡಬ್ಬಿ) ಜೋತುಬಿದ್ದ ಕೇಬಲ್ ತುದಿಯನ್ನು ಯಾರೋ ಮಗು ಅದೇ ಸ್ವಿಚ್ಚಿನ ಖಾಲಿ ತೂತಿಗೆ ಸಿಕ್ಕಿಸಿಬಿಡುತ್ತದೆ. ಕೂಗು ಅಲ್ಲೇ ಸುತ್ತುತ್ತಾ ಹೆಚ್ಚುತ್ತಾ ಹೋಗಿ ಸ್ವಲ್ಪ ಹೊತ್ತಿಗೇ ಇಡೀ ನೆಟ್‌ವರ್ಕ್ ಕುಸಿಯುತ್ತದೆ. ಎಲ್ಲ ದೀಪವೂ ಒಟ್ಟಿಗೆ ಹುಚ್ಚು ಹಿಡಿದ ಹಾಗೆ ಮಿನುಗುತ್ತಿದ್ದರೆ ಕಾರಣ ಹೆಚ್ಚಾಗಿ ಇದೇ. ಎಲ್ಲವೂ ಒಂದೇ ಸ್ವಿಚ್ಚಿನಲ್ಲಿದ್ದರೆ ಕ್ಯಾಮರಾವೂ ಹೋಯಿತು, ಆಫೀಸೂ ಹೋಯಿತು. ಅತಿಥಿ ಕೋಣೆ ಬೇರೆ ರೂಟೆಡ್ ಪೋರ್ಟಿನಲ್ಲಿದ್ದರೆ ಆ ಗಲಾಟೆ ಅಲ್ಲೇ ಉಳಿಯುತ್ತದೆ. ಇನ್ನೊಂದು ಸಮಸ್ಯೆಯೂ ಇದೇ ಥರದ್ದು. ವೈಫೈ ಸಾಲದು ಅಂತ ಯಾರೋ ಹಳೆ ರೂಟರ್ ತಂದು ಅದರ ಲ್ಯಾನ್ ಪೋರ್ಟಿಗೆ ಕೇಬಲ್ ಚುಚ್ಚುತ್ತಾರೆ. ಅದು ತನ್ನಷ್ಟಕ್ಕೆ ತಾನು ಎಲ್ಲರಿಗೂ ವಿಳಾಸ ಹಂಚೋಕೆ ಶುರುಮಾಡುತ್ತದೆ. ಅರ್ಧ ಮನೆಗೆ ನೆಟ್ ಇದೆ, ಅರ್ಧಕ್ಕೆ ಇಲ್ಲ. ಏಕೆ ಅಂತ ಹುಡುಕುವುದರಲ್ಲಿ ದಿನ ಹೋಗುತ್ತದೆ. ಇಲ್ಲೂ ರೂಟೆಡ್ ಪೋರ್ಟ್ ಇದ್ದರೆ ಹಾನಿ ಒಂದು ಕಡೆಗೆ ಸೀಮಿತ.

ರಗಳೆಯೂ ಸಣ್ಣದಲ್ಲ. ಟಿವಿಗೆ ಮೊಬೈಲಿನಿಂದ ವಿಡಿಯೊ ಕಳಿಸುವುದು, ಪ್ರಿಂಟರ್ ತಾನಾಗಿ ಪಟ್ಟಿಯಲ್ಲಿ ಕಾಣಿಸುವುದು, ಎನ್‌ವಿಆರ್ (ಕ್ಯಾಮರಾ ದೃಶ್ಯ ದಾಖಲಿಸುವ ಪೆಟ್ಟಿಗೆ) ಕ್ಯಾಮರಾಗಳನ್ನು ಹುಡುಕುವುದು, ಇವೆಲ್ಲ ನಡೆಯುವುದು ಕೂಗಿನ ಮೇಲೆ. ಪ್ರಿಂಟರ್, ಟಿವಿಗಳು 224.0.0.251 ಎಂಬ ವಿಳಾಸಕ್ಕೆ ಕೂಗುತ್ತವೆ, ಕ್ಯಾಮರಾಗಳು 239.255.255.250ಕ್ಕೆ. ರೂಟೆಡ್ ಪೋರ್ಟ್ ಅದನ್ನು ಮಾಮೂಲಿಯಾಗಿ ದಾಟಿಸುವುದಿಲ್ಲ. "ನಿನ್ನೆವರೆಗೆ ಟಿವಿ ಕಾಣಿಸ್ತಿತ್ತು, ರೂಟರ್ ಬದಲಿಸಿದ ಮೇಲೆ ಕಾಣಿಸ್ತಿಲ್ಲ" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇಷ್ಟೇ. ಕ್ಯಾಮರಾಕ್ಕಾದರೆ ವಿಳಾಸವನ್ನು ಕೈಯಿಂದ ಹಾಕಿ ಸರಿಮಾಡಬಹುದು. ಟಿವಿಯನ್ನೂ ಅದನ್ನು ಬಳಸುವವರ ಫೋನನ್ನೂ ಒಂದೇ ಕಡೆ ಇಡುವುದು ಸುಲಭದ ದಾರಿ.

ಗೋಡೆ ತಾನಾಗಿ ಏಳುವುದಿಲ್ಲ

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಬೇರೆ ರೂಟೆಡ್ ಪೋರ್ಟಿಗೆ ಹಾಕಿದ ಕೂಡಲೇ ಅತಿಥಿಗಳು ನಮ್ಮ ಕಂಪ್ಯೂಟರ್ ಮುಟ್ಟೋಕೆ ಆಗುವುದಿಲ್ಲ ಎಂಬ ನಂಬಿಕೆ. ಹಾಗಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಪ್ಯಾಕೆಟ್ ದಾಟಿಸುವುದೇ ರೂಟರಿನ ಕೆಲಸ. ಮೈಕ್ರೋಟಿಕ್ ಕಂಪನಿಯ ರೂಟರ್ ಆಗಲಿ ಸಿಸ್ಕೋದ್ದಾಗಲಿ, ನೀವು ತಡೆಯುವ ನಿಯಮ ಬರೆಯದಿದ್ದರೆ ತನಗೆ ನೇರವಾಗಿ ಅಂಟಿಕೊಂಡ ಎರಡು ಸಬ್‌ನೆಟ್ ನಡುವೆ ಖುಷಿಯಾಗಿ ದಾಟಿಸುತ್ತದೆ. ಪಿಎಫ್‌ಸೆನ್ಸ್ ಥರದ ಫೈರ್‌ವಾಲ್‌ಗಳು ಇದಕ್ಕೆ ಉಲ್ಟಾ. ಅಲ್ಲಿ ಹೊಸದಾಗಿ ಸೇರಿಸಿದ ಪೋರ್ಟಿಗೆ ನೀವು ಅನುಮತಿ ಬರೆಯುವವರೆಗೆ ಏನೂ ದಾಟುವುದಿಲ್ಲ. ಹಾಗಾಗಿ ಅತಿಥಿಗಳ ಕಡೆಯಿಂದ ಹೊರಗಿನ ಇಂಟರ್‌ನೆಟ್ಟಿಗೆ ಮಾತ್ರ ಬಿಡು, ಒಳಗಿನ ಬೇರೆ ಯಾವ ಸಬ್‌ನೆಟ್ಟಿಗೂ ಬಿಡಬೇಡ ಅನ್ನೋ ಒಂದೆರಡು ಸಾಲಿನ ನಿಯಮ ಹಾಕಲೇಬೇಕು. ಹಾಕಿದ ಮೇಲೆ ಅತಿಥಿ ವೈಫೈ ಹಿಡಿದು ಕ್ಯಾಮರಾದ ವಿಳಾಸ ಬ್ರೌಸರಿನಲ್ಲಿ ಹೊಡೆದು ನೋಡಬೇಕು. ಲಾಗಿನ್ ಪುಟ ಬಂತು ಅಂದರೆ ನಿಯಮ ಕೆಲಸ ಮಾಡುತ್ತಿಲ್ಲ.

ಕ್ಯಾಮರಾಕ್ಕೆ ಇಷ್ಟೊಂದು ಭಯ ಯಾಕೆ ಅಂತ ಕೇಳಬಹುದು. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಹಿಡಿದದ್ದು ಹೆಚ್ಚಾಗಿ ಕ್ಯಾಮರಾ, ಡಿವಿಆರ್, ಮನೆಯ ರೂಟರುಗಳನ್ನೇ. ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡ್ ಯಾರೂ ಬದಲಿಸಿರಲಿಲ್ಲ. ಆ ವರ್ಷ ಅಕ್ಟೋಬರ್ 21ರಂದು ಅದೇ ಸೇನೆ ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಎಂಬ ಅಮೆರಿಕದ ಕಂಪನಿಯ ಮೇಲೆ ಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ಗಂಟೆಗಟ್ಟಲೆ ತಡವರಿಸಿದವು. ಕ್ಯಾಮರಾಕ್ಕೆ ಹೊರಗಿನ ಇಂಟರ್‌ನೆಟ್ ಬೇಕೇ ಬೇಕು ಅಂತಿಲ್ಲ. ಎನ್‌ವಿಆರ್‌ಗೆ ಮಾತ್ರ ಕೊಟ್ಟರೆ ಸಾಕು, ಮೊಬೈಲಿನಲ್ಲಿ ದೃಶ್ಯ ನೋಡಲು ಅಡ್ಡಿ ಇಲ್ಲ.

ಅಂದಮೇಲೆ ಎಲ್ಲವನ್ನೂ ಬೇರೆ ಬೇರೆ ರೂಟೆಡ್ ಪೋರ್ಟಿಗೆ ಹಾಕೋಣ ಅನ್ನಿಸಬಹುದು. ಅದೂ ಸರಿ ಹೋಗುವುದಿಲ್ಲ. ಜಾಸ್ತಿ ಮಾತಾಡುವವರನ್ನು ಒಂದೇ ಸ್ವಿಚ್ಚಿನಲ್ಲಿ ಇಡಬೇಕು. 4 ಮೆಗಾಪಿಕ್ಸೆಲ್ ಕ್ಯಾಮರಾ ಒಂದಕ್ಕೆ ಸುಮಾರು 4 ಎಂಬಿಪಿಎಸ್ ಹಿಡಿಯೋಣ. ಹದಿನಾರು ಕ್ಯಾಮರಾಕ್ಕೆ 64 ಎಂಬಿಪಿಎಸ್, ಹಗಲೂ ರಾತ್ರಿ, ನಿಲ್ಲದೆ. ಕ್ಯಾಮರಾಗಳು ಒಂದು ರೂಟೆಡ್ ಪೋರ್ಟಿನಲ್ಲಿ, ಎನ್‌ವಿಆರ್ ಇನ್ನೊಂದರಲ್ಲಿ ಇದ್ದರೆ ಇಷ್ಟೂ ರೂಟರಿನ ಪ್ರೊಸೆಸರಿನ ಮೂಲಕವೇ ಹೋಗಬೇಕು. ಎನ್‌ವಿಆರ್ ಕೂಡ ಕ್ಯಾಮರಾಗಳ ಸ್ವಿಚ್ಚಿನಲ್ಲೇ ಇದ್ದರೆ ರೂಟರಿಗೆ ಬರುವುದು ನೀವು ಮೊಬೈಲಿನಲ್ಲಿ ನೋಡುವ ಒಂದೆರಡು ದೃಶ್ಯ ಮಾತ್ರ.

ಪೋರ್ಟ್ ಸಾಲದು ಅಂತ ಎರಡು ರೂಟೆಡ್ ಪೋರ್ಟನ್ನು ಸಾಫ್ಟ್‌ವೇರಿನಲ್ಲಿ ಬ್ರಿಡ್ಜ್ ಮಾಡಿ ಸ್ವಿಚ್ ಥರ ಬಳಸುವವರೂ ಇದ್ದಾರೆ. ಕೆಲಸ ನಡೆಯುತ್ತದೆ, ಆದರೆ ಆ ಸ್ವಿಚ್ಚಿನ ಕೆಲಸವನ್ನೂ ಪ್ರೊಸೆಸರೇ ಮಾಡಬೇಕು. ಯೂಬಿಕ್ವಿಟಿಯ ಎಡ್ಜ್‌ರೂಟರ್ ಲೈಟ್‌ನಲ್ಲಿ ಮೂರೂ ಪೋರ್ಟ್ ರೂಟೆಡ್, ಒಳಗೆ ಸ್ವಿಚ್ ಚಿಪ್ ಇಲ್ಲ. ಬ್ರಿಡ್ಜ್ ಮಾಡಿದರೆ ವೇಗ ದೊಪ್ಪನೆ ಬೀಳುತ್ತದೆ. ಅದರ ತಮ್ಮ ಎಡ್ಜ್‌ರೂಟರ್ ಎಕ್ಸ್‌ನಲ್ಲಿ ಸ್ವಿಚ್ ಚಿಪ್ ಇದೆ, ಬೆಲೆಯೂ ಕಡಿಮೆ ಇತ್ತು. ಮೈಕ್ರೋಟಿಕ್‌ನಲ್ಲಿ ಬ್ರಿಡ್ಜಿನ ಪೋರ್ಟ್ ಪಟ್ಟಿ ತೆರೆದು ಪ್ರತಿ ಪೋರ್ಟಿನ ಎದುರು ಎಚ್ ಎಂಬ ಅಕ್ಷರ ಇದೆಯಾ ನೋಡಿ. ಇದ್ದರೆ ಚಿಪ್ ಕೆಲಸ ಮಾಡುತ್ತಿದೆ, ಇಲ್ಲದಿದ್ದರೆ ಪ್ರೊಸೆಸರ್ ಹೊರುತ್ತಿದೆ. ಕೆಲವು ಮಾಡೆಲ್‌ಗಳಲ್ಲಿ ವಿಲ್ಯಾನ್ (ಒಂದೇ ಸ್ವಿಚ್ಚನ್ನು ಸೆಟ್ಟಿಂಗಿನಿಂದ ಹಲವು ನೆಟ್‌ವರ್ಕಾಗಿ ಒಡೆಯುವುದು) ಫಿಲ್ಟರಿಂಗ್ ಆನ್ ಮಾಡಿದ ತಕ್ಷಣ ಆ ಎಚ್ ಮಾಯವಾಗುತ್ತದೆ. ಕೊಳ್ಳುವ ಮುಂಚೆಯೇ ವಿಚಾರಿಸಬೇಕಾದ ಸಂಗತಿ ಇದು.

ವಿಲ್ಯಾನ್ ಇರುವಾಗ ರೂಟೆಡ್ ಪೋರ್ಟ್ ಯಾಕೆ?

ನೆಟ್‌ವರ್ಕ್ ಓದಿದವರು ಇಷ್ಟು ಹೊತ್ತಿಗೆ ಈ ಮಾತು ತೆಗೆದಿರುತ್ತಾರೆ. ನಿಜ. 802.1ಕ್ಯೂ ಎಂಬ ವಿಲ್ಯಾನ್ ಮಾನದಂಡದ ಪ್ರಕಾರ ಒಂದೇ ಸ್ವಿಚ್ಚನ್ನು 4094 ಬೇರೆ ಬೇರೆ ನೆಟ್‌ವರ್ಕಾಗಿ ಒಡೆಯಬಹುದು. ರೂಟರಿನಿಂದ ಒಂದೇ ಕೇಬಲ್ ಹೊರಟು, ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದದ್ದು) ತಲುಪಿ, ಅಲ್ಲಿ ಅತಿಥಿ, ಆಫೀಸ್, ಕ್ಯಾಮರಾ ಅಂತ ಮೂರಾಗಿ ಕವಲೊಡೆಯುತ್ತದೆ. ಪ್ರತಿ ವಿಲ್ಯಾನಿಗೂ ರೂಟರಿನೊಳಗೆ ಒಂದು ವಿಳಾಸ. ರೂಟೆಡ್ ಪೋರ್ಟಿನಿಂದ ಸಿಗುವುದೆಲ್ಲ ಹೆಚ್ಚು ಕಡಿಮೆ ಇಲ್ಲೂ ಸಿಗುತ್ತದೆ. ಒಂದೇ ಆಕ್ಸೆಸ್ ಪಾಯಿಂಟಿನಲ್ಲಿ (ವೈಫೈ ಹರಡುವ ಡಬ್ಬಿ) ಅತಿಥಿಗಳಿಗೊಂದು, ಮನೆಯವರಿಗೊಂದು ವೈಫೈ ಹೆಸರು ಕೊಡಬೇಕಾದರೆ ವಿಲ್ಯಾನ್ ಬಿಟ್ಟರೆ ಬೇರೆ ಒಳ್ಳೆ ದಾರಿಯೂ ಇಲ್ಲ. ಮಡಿಕೇರಿಯ ನಲವತ್ತು ಕೋಣೆಯ ರೆಸಾರ್ಟಿಗೆ, ಕಾಲೇಜಿಗೆ, ಆಸ್ಪತ್ರೆಗೆ ನಾನು ಅದನ್ನೇ ಹೇಳುತ್ತೇನೆ. ಅಂಥ ಕಡೆ ನೆಟ್‌ವರ್ಕ್ ನೋಡಿಕೊಳ್ಳಲು ಒಬ್ಬರಾದರೂ ಇರುತ್ತಾರೆ.

ತೋಟದ ಮನೆಯ ಮಾತು ಬೇರೆ. ನಾಪೋಕ್ಲು ಆಚೆಯ ಒಂದು ತೋಟ ಅಂತಿಟ್ಟುಕೊಳ್ಳಿ. ಜುಲೈ ತಿಂಗಳು, ಬಿಡದ ಮಳೆ, ಸಿಡಿಲಿಗೆ ಸ್ವಿಚ್ ಸುಟ್ಟಿದೆ. ನೆಟ್‌ವರ್ಕ್ ಮಾಡಿಕೊಟ್ಟ ಹುಡುಗ ಮೈಸೂರಿನಲ್ಲಿದ್ದಾನೆ, ದಾರಿಯಲ್ಲಿ ಮರ ಬಿದ್ದಿದೆ. ಮನೆಯಲ್ಲಿ ಇರುವುದು ಯಜಮಾನರು ಮತ್ತು ರೈಟರ್. ಪೇಟೆಯಿಂದ ಯಾರೋ ಒಂದು ಮಾಮೂಲಿ ಎಂಟು ಪೋರ್ಟಿನ ಸ್ವಿಚ್ ತಂದುಕೊಟ್ಟರು. ವಿಲ್ಯಾನ್ ಮೇಲೆ ನಿಂತ ನೆಟ್‌ವರ್ಕಾಗಿದ್ದರೆ ಆ ಸ್ವಿಚ್ಚಿನಿಂದ ಪ್ರಯೋಜನ ಇಲ್ಲ. ಯಾವ ಪೋರ್ಟ್ ಯಾವ ವಿಲ್ಯಾನಿನದು ಎಂಬ ವಿಷಯ ಸುಟ್ಟ ಪೆಟ್ಟಿಗೆಯೊಳಗೇ ಇತ್ತು, ಹೊಸದರಲ್ಲಿ ಅದನ್ನು ಕೂರಿಸುವ ಜಾಗವೂ ಇಲ್ಲ. ಕ್ಯಾಮರಾಕ್ಕೆ ಒಂದು ರೂಟೆಡ್ ಪೋರ್ಟ್, ಅದರ ತುದಿಗೆ ಸೆಟ್ಟಿಂಗ್ ಇಲ್ಲದ ಒಂದು ದಡ್ಡ ಸ್ವಿಚ್ ಅಂತಿದ್ದರೆ? ಸುಟ್ಟದ್ದನ್ನು ತೆಗೆದು, ಹೊಸದನ್ನು ಇಟ್ಟು, ಕೇಬಲ್‌ಗಳನ್ನು ಯಾವ ತೂತಿಗಾದರೂ ಚುಚ್ಚಿದರೆ ಆಯಿತು. ಫೋನಿನಲ್ಲೇ ಹೇಳಿಕೊಡಬಹುದು: "ಕೆಂಪು ಟೇಪ್ ಇರೋದು ಮೂರನೇ ಪೋರ್ಟಿಗೆ. ಅಷ್ಟೇ."

ನಾನು ರೂಟೆಡ್ ಪೋರ್ಟಿನ ಪರ ನಿಲ್ಲುವುದು ಇದಕ್ಕೇ. ಎರಡೂ ಒಂದೇ ಕೆಲಸ ಮಾಡಬಹುದು, ಆದರೆ ರೂಟೆಡ್ ಪೋರ್ಟಿನ ವಿಭಾಗ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ವಿಲ್ಯಾನಿನದು ಸೆಟ್ಟಿಂಗ್ ಪುಟದೊಳಗೆ ಅಡಗಿರುತ್ತದೆ. ಪುಸ್ತಕದ ಪ್ರಕಾರ ಇದು ಹಿಂದುಳಿದ ವಾದ ಅಂತ ಅನ್ನಿಸಬಹುದು. ಕೆಟ್ಟಾಗ ರಿಪೇರಿ ಮಾಡುವವರು ಯಾರು ಅನ್ನುವುದು ವೇಗಕ್ಕಿಂತ ಮುಖ್ಯ, ಕನಿಷ್ಠ ನಮ್ಮ ಮಳೆಗಾಲದಲ್ಲಿ.

ಎರಡು ಲೈನು, ಒಂದೇ ವಿಳಾಸ

ಹೊರಗಿನಿಂದ ಬರುವ ಲೈನಿಗೆ ಆಯ್ಕೆಯೇ ಇಲ್ಲ, ರೂಟೆಡ್ ಪೋರ್ಟೇ ಬೇಕು. ಎರಡು ಲೈನ್ ಇದ್ದರೆ ಅಂಥ ಎರಡು ಬೇಕು. ಒಂದು ಫೈಬರ್, ಇನ್ನೊಂದು ಬೇರೆ ದಾರಿಯಲ್ಲಿ ಬರುವ ಫೈಬರ್ ಅಥವಾ ಸಿಮ್. ಎರಡು ಕಂಪನಿಯ ಫೈಬರ್ ಒಂದೇ ಕಂಬದ ಸಾಲಿನಲ್ಲಿ ಬಂದರೆ ಒಂದು ಸಿಲ್ವರ್ ಓಕ್ ಬಿದ್ದರೂ ಎರಡೂ ಹೋಗುತ್ತವೆ. ಇದನ್ನು ಯಾವ ರೂಟರೂ ಸರಿಮಾಡಲಾರದು.

ಎರಡು ಲೈನ್ ಜೋಡಿಸುವಾಗ ಬರುವ ಒಂದು ಸಮಸ್ಯೆ ಹೇಳಲೇಬೇಕು. ಫೈಬರಿನ ಜೊತೆ ಕಂಪನಿ ಕೊಡುವ ಒಎನ್‌ಟಿ ಎಂಬ ಡಬ್ಬಿ ಸಾಮಾನ್ಯವಾಗಿ ತನಗೆ 192.168.1.1 ಇಟ್ಟುಕೊಂಡಿರುತ್ತದೆ. ಎರಡನೇ ಕಂಪನಿಯ ಡಬ್ಬಿಯದ್ದೂ ಬಹಳ ಸಲ ಅದೇ. ನಿಮ್ಮ ರೂಟರಿನ ಲ್ಯಾನ್ ಕೂಡ ಅದೇ ಆಗಿದ್ದರೆ ಕತೆ ಮುಗಿಯಿತು. ಪ್ರತಿ ರೂಟೆಡ್ ಪೋರ್ಟಿನ ಹಿಂದೆ ಬೇರೆ ಸಬ್‌ನೆಟ್ ಇರಲೇಬೇಕು. ಒಂದೇ ಆದರೆ ಯಾವ ಕಡೆ ಕಳಿಸಬೇಕು ಅಂತ ರೂಟರಿಗೆ ಗೊತ್ತಾಗುವುದಿಲ್ಲ. ಲಕ್ಷಣ ವಿಚಿತ್ರ. ಎರಡೂ ಲೈನು ಒಂದೊಂದಾಗಿ ಹಾಕಿದರೆ ಚೆನ್ನಾಗಿ ಓಡುತ್ತವೆ, ಒಟ್ಟಿಗೆ ಹಾಕಿದರೆ ಎರಡೂ ಇಲ್ಲ. ಒಂದು ಒಎನ್‌ಟಿಯ ವಿಳಾಸವನ್ನು 192.168.2.1 ಮಾಡಿದರೆ, ಇಲ್ಲವೇ ಅದನ್ನು ಬ್ರಿಡ್ಜ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ಲೈನನ್ನು ಮಾತ್ರ ದಾಟಿಸುವ ಹಾಗೆ) ಹಾಕಿದರೆ ಸರಿಯಾಗುತ್ತದೆ. ಒಳಗಿನ ಸಬ್‌ನೆಟ್ಟುಗಳಿಗೆ 10, 20, 30 ಅಂತ ದೂರದ ಅಂಕಿ ಇಡುವುದು ನನ್ನ ಅಭ್ಯಾಸ. 192.168ರಿಂದ ಶುರುವಾಗುವ ಇಡೀ ಗುಂಪು ಖಾಸಗಿ ಬಳಕೆಗೆಂದೇ ಮೀಸಲು, ಜಾಗಕ್ಕೇನೂ ಬರ ಇಲ್ಲ.

ಕರೆಂಟಿನ ವಿಷಯಕ್ಕೆ ಬರೋಣ. ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಯುಪಿಎಸ್ ಇಲ್ಲದಿದ್ದರೆ ಅಷ್ಟು ಸಲವೂ ರೂಟರ್ ಮತ್ತೆ ಶುರುವಾಗುತ್ತದೆ. ಪೋರ್ಟಿನ ಬಗೆ ಆಗ ಎರಡು ರೀತಿಯಲ್ಲಿ ಎದ್ದು ಕಾಣುತ್ತದೆ. ಮೊದಲನೆಯದು ಸ್ಪ್ಯಾನಿಂಗ್ ಟ್ರೀ. ಮೇಲೆ ಹೇಳಿದ ಕೇಬಲ್ ಸುತ್ತು ಆಗದಂತೆ ಕಾಯುವ ವ್ಯವಸ್ಥೆ ಇದು. ಮ್ಯಾನೇಜ್ಡ್ ಸ್ವಿಚ್ಚುಗಳಲ್ಲಿ ಇರುತ್ತದೆ. ಹಳೆಯ ಬಗೆಯದಾದರೆ ಪ್ರತಿ ಸ್ವಿಚ್ ಪೋರ್ಟೂ ಜೀವ ಬಂದ ಮೇಲೆ 15 ಸೆಕೆಂಡ್ ಕೇಳಿಸಿಕೊಂಡು, ಇನ್ನೊಂದು 15 ಸೆಕೆಂಡ್ ಕಲಿತು, ಆಮೇಲೆ ದಾರಿ ಬಿಡುತ್ತದೆ. ಆ ಅರ್ಧ ನಿಮಿಷದಲ್ಲಿ ವಿಳಾಸ ಕೇಳಿದ ಕ್ಯಾಮರಾ ಉತ್ತರ ಸಿಗದೆ ಸುಮ್ನೆ ಕೂತುಬಿಡಬಹುದು. ತುದಿಯ ಸಾಧನಗಳ ಪೋರ್ಟಿಗೆ ಪೋರ್ಟ್‌ಫಾಸ್ಟ್ ಅಥವಾ ಎಡ್ಜ್ ಎಂಬ ಆಯ್ಕೆ ಹಾಕಿದರೆ ಈ ಕಾಯುವಿಕೆ ಇಲ್ಲ. ರೂಟೆಡ್ ಪೋರ್ಟಿಗೆ ಸ್ಪ್ಯಾನಿಂಗ್ ಟ್ರೀಯ ಗೊಡವೆಯೇ ಇಲ್ಲ, ಲಿಂಕ್ ಬಂದ ಕೂಡಲೇ ಕೆಲಸಕ್ಕೆ ನಿಲ್ಲುತ್ತದೆ.

ಎರಡನೆಯದು ಕಡಿಮೆ ಜನಕ್ಕೆ ಗೊತ್ತು. ಅಗ್ಗದ ರೂಟರುಗಳಲ್ಲಿ ವ್ಯಾನ್ ಅಂತ ಬರೆದ ಪೋರ್ಟ್ ಕೂಡ ಬಹಳ ಸಲ ಅದೇ ಸ್ವಿಚ್ ಚಿಪ್ಪಿನ ಒಂದು ಕಾಲು. ಸಾಫ್ಟ್‌ವೇರ್ ಒಳಗೊಳಗೇ ವಿಲ್ಯಾನ್ ಹಾಕಿ ಅದನ್ನು ಬೇರೆ ಮಾಡಿರುತ್ತದೆ. ಕೆಲವು ಸಾಧನಗಳಲ್ಲಿ ಕರೆಂಟ್ ಬಂದ ಮೊದಲ ಕೆಲವು ಸೆಕೆಂಡ್, ಆ ಸೆಟ್ಟಿಂಗ್ ಚಿಪ್ಪಿಗೆ ತಲುಪುವವರೆಗೆ, ಎಲ್ಲ ಪೋರ್ಟೂ ಒಂದೇ ಸ್ವಿಚ್ ಆಗಿಬಿಟ್ಟಿರುತ್ತವೆ. ಒಳಗೂ ಹೊರಗೂ ಒಂದೇ. ಆ ಗಳಿಗೆಯಲ್ಲಿ ವಿಳಾಸ ಕೇಳಿದ ಕಂಪ್ಯೂಟರಿಗೆ ನಿಮ್ಮ ರೂಟರಿನ ಬದಲು ಹೊರಗಿನ ಒಎನ್‌ಟಿಯಿಂದ ವಿಳಾಸ ಸಿಗುತ್ತದೆ. ಆಮೇಲೆ ನೆಟ್ ಬರುವುದಿಲ್ಲ, ಕೇಬಲ್ ತೆಗೆದು ಹಾಕಿದರೆ ಬರುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಒಂದೊಂದು ಕಂಪ್ಯೂಟರಿಗೆ ಮಾತ್ರ ಈ ಕಾಟ ಇದ್ದರೆ ಇದನ್ನೂ ಅನುಮಾನಿಸಿ. ನಿಜವಾದ ರೂಟೆಡ್ ಪೋರ್ಟ್, ಅಂದರೆ ಪ್ರೊಸೆಸರಿಗೆ ನೇರ ತಂತಿ ಇರುವ ಪೋರ್ಟಿನಲ್ಲಿ ಹೀಗಾಗುವುದಿಲ್ಲ. ಕಂಪನಿಯವರು ಬ್ಲಾಕ್ ಡಯಾಗ್ರಾಮ್ ಹಾಕಿದ್ದರೆ ಅದನ್ನು ತೆಗೆದು ನೋಡಿ. ಮೈಕ್ರೋಟಿಕ್‌ನವರು ಬಹುತೇಕ ಮಾಡೆಲಿಗೆ ಹಾಕುತ್ತಾರೆ.

ಸಿಡಿಲಿಗೆ ಮಾತ್ರ ರೂಟೆಡ್, ಸ್ವಿಚ್ ಅನ್ನೋ ಭೇದ ಇಲ್ಲ. ಆದರೂ ಒಂದು ವ್ಯತ್ಯಾಸ ಇದೆ. ಸ್ವಿಚ್ ಪೋರ್ಟುಗಳೆಲ್ಲ ಒಂದೇ ಚಿಪ್ಪಿನ ಕಾಲುಗಳಾದ್ದರಿಂದ ಒಂದಕ್ಕೆ ಹೊಡೆದರೆ ಬಹಳ ಸಲ ನಾಲ್ಕೂ ಸಾಯುತ್ತವೆ. ಬಂಗಲೆಯಿಂದ ಕಣಕ್ಕೆ ತಾಮ್ರದ ಕೇಬಲ್ ಎಳೆಯಬೇಡಿ. ಹೇಗೂ ಅದರ ಮಿತಿ 100 ಮೀಟರ್. ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರಿಗೂ ತಾಮ್ರಕ್ಕೂ ನಡುವೆ ಬದಲಿಸುವ ಡಬ್ಬಿ) ಇಟ್ಟರೆ ಸಿಡಿಲಿಗೆ ಆ ದಾರಿಯೇ ಇಲ್ಲ. ತಾಮ್ರ ಎಳೆದಾಗಿದೆ, ಇನ್ನು ಬದಲಿಸಲಾಗುವುದಿಲ್ಲ ಅನ್ನುವವರು ಆ ಕೇಬಲನ್ನು ನೇರ ರೂಟರಿಗೆ ಚುಚ್ಚದೆ ನಡುವೆ ಒಂದು ಅಗ್ಗದ ಸ್ವಿಚ್ ಇಡಿ. ಬಲಿ ಬೀಳುವುದಾದರೆ ಮೊದಲು ಅದು ಬೀಳಲಿ.

ಹಾಗಾದರೆ ಕೊಳ್ಳುವುದು ಏನು? ಎರಡು ಕೋಣೆಯ ಹೋಂಸ್ಟೇ, ಒಂದೇ ಲೈನು, ಕ್ಯಾಮರಾ ಇಲ್ಲ ಅಂದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ. ಮಾಮೂಲಿ ರೂಟರಿನ ಗೆಸ್ಟ್ ವೈಫೈ ಆನ್ ಮಾಡಿ, ಸಾಕು. ಒಂದು ಎಚ್ಚರ. ಎರಡನೇ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ ಸೇರಿಸಿದ್ದರೆ ಅದರ ಗೆಸ್ಟ್ ವೈಫೈ ಎಷ್ಟೋ ಮಾಡೆಲ್‌ಗಳಲ್ಲಿ ಹೆಸರಿಗೆ ಮಾತ್ರ ಗೆಸ್ಟ್. ಅಲ್ಲಿಂದ ಮನೆಯ ನೆಟ್‌ವರ್ಕ್ ನೇರ ಸಿಗುತ್ತದೆ.

ಮೇಲೆ ಹೇಳಿದ ಪೂರ್ತಿ ಸಂಸಾರ ಇರುವ ತೋಟಕ್ಕಾದರೆ ಐದು ಪೋರ್ಟ್ ಸಾಕು, ಆದರೆ ಒಂದೊಂದರ ಬಗೆಯನ್ನೂ ನಾವೇ ಬದಲಿಸುವಂತಿರಬೇಕು. ಮೈಕ್ರೋಟಿಕ್ ಹೆಕ್ಸ್‌ನಲ್ಲಿ ಯಾವ ಪೋರ್ಟನ್ನಾದರೂ ಬ್ರಿಡ್ಜಿನಿಂದ ತೆಗೆದು ವಿಳಾಸ ಕೊಟ್ಟರೆ ಅದು ರೂಟೆಡ್ ಥರ ನಡೆದುಕೊಳ್ಳುತ್ತದೆ. ಅದರ ಪುಟ ನೋಡಿ ಹೆದರುವವರಿಗೆ ಟಿಪಿ-ಲಿಂಕ್ ಇಆರ್605 ಥರದ್ದು ಆಗಬಹುದು. ಅದರ ಐದರಲ್ಲಿ ಕೆಲವು ಪೋರ್ಟನ್ನು ವ್ಯಾನ್ ಅಥವಾ ಲ್ಯಾನ್ ಮಾಡಿಕೊಳ್ಳಬಹುದು, ಲ್ಯಾನ್ ಪೋರ್ಟುಗಳನ್ನು ವಿಲ್ಯಾನಿಂದ ಬೇರೆ ಮಾಡಬಹುದು. ಪೋರ್ಟಿಗೊಂದು ವಿಲ್ಯಾನ್ ಅಂತ ಮಾಡಿದರೆ ತುದಿಗೆ ದಡ್ಡ ಸ್ವಿಚ್ಚೇ ಸಾಕು, ಹಾಗಾಗಿ ಮಳೆಗಾಲದ ರಿಪೇರಿಯ ವಾದ ಇಲ್ಲೂ ನಿಲ್ಲುತ್ತದೆ. ಹಂಚಿಕೆ ಹೀಗೆ: ಒಂದು, ಎರಡು ಹೊರಗಿನ ಲೈನುಗಳಿಗೆ. ಮೂರನೆಯದು ಕ್ಯಾಮರಾ ಮತ್ತು ಎನ್‌ವಿಆರ್‌ಗೆ, ತುದಿಯಲ್ಲಿ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟೂ ಕೊಡುವಂಥದ್ದು). ನಾಲ್ಕು ಅತಿಥಿಗಳಿಗೆ. ಐದು ಮನೆ ಮತ್ತು ಆಫೀಸಿಗೆ, ತುದಿಗೆ ಮಾಮೂಲಿ ಸ್ವಿಚ್. ಎಂಟು ಹತ್ತು ಪೋರ್ಟಿನ ರೂಟರಿಗೆ ಕೊಡುವ ಜಾಸ್ತಿ ದುಡ್ಡನ್ನು ಪಿಒಇ ಸ್ವಿಚ್ಚಿಗೂ ಯುಪಿಎಸ್‌ಗೂ ಹಾಕಿ.

ಈಗಿರುವ ಮಾಮೂಲಿ ರೂಟರ್ ಬದಲಿಸುವ ಮನಸ್ಸಿಲ್ಲ, ಮನೆಯಲ್ಲಿ ಹಳೆಯದೊಂದು ಬಿದ್ದಿದೆ ಅನ್ನುವವರಿಗೂ ದಾರಿ ಇದೆ. ಮೊದಲ ರೂಟರಿನ ಲ್ಯಾನ್ ಪೋರ್ಟಿನಿಂದ ಎರಡನೆಯದರ ವ್ಯಾನ್ ಪೋರ್ಟಿಗೆ ಕೇಬಲ್ ಕೊಡಿ. ಎರಡನೆಯದರ ಒಳ ವಿಳಾಸ ಬೇರೆ ಸಬ್‌ನೆಟ್ಟಿನದಾಗಿರಲಿ. ಆ ವ್ಯಾನ್ ಪೋರ್ಟೇ ನಿಮಗೆ ಬೇಕಿದ್ದ ಹೆಚ್ಚುವರಿ ರೂಟೆಡ್ ಪೋರ್ಟ್. ಬಹಳ ಜನ ಇಲ್ಲಿ ಅತಿಥಿಗಳನ್ನು ಎರಡನೆಯದಕ್ಕೆ ಹಾಕಿ, ತಮ್ಮ ಆಫೀಸನ್ನು ಮೊದಲನೆಯದರಲ್ಲೇ ಬಿಡುತ್ತಾರೆ. ಅದು ಉಲ್ಟಾ. ಒಳಗಿನ ರೂಟರಿನವರು ಹೊರಗಿನ ರೂಟರಿನ ಸಾಧನಗಳನ್ನು ಆರಾಮಾಗಿ ತಲುಪಬಹುದು, ಹೊರಗಿನವರು ಒಳಗೆ ಬರಲಾರರು. ಅತಿಥಿಗಳು ಮೊದಲನೆಯದರಲ್ಲಿ ಇರಲಿ, ಆಫೀಸ್ ಮತ್ತು ಎನ್‌ವಿಆರ್ ಎರಡನೆಯದರ ಹಿಂದೆ ಇರಲಿ. ಮೊದಲನೆಯದರ ಅಡ್ಮಿನ್ ಪುಟ ಅತಿಥಿಗಳಿಗೂ ತೆರೆದುಕೊಳ್ಳುತ್ತದೆ, ಆದ್ದರಿಂದ ಅದರ ಪಾಸ್‌ವರ್ಡನ್ನು ಅವತ್ತೇ ಬದಲಿಸಿ.